"ಏನೂ ಆಗಲ್ಲ" ಅನ್ನಬೇಡಿ

(ಮಂಡ್ಯದ ಪ್ರೌಢಶಾಲೆಯೊಂದರಲ್ಲಿ ಪ್ರವಾಸಕ್ಕೆ ಮುಂಚೆ ನಡೆದ ಪೋಷಕರ ಸಭೆಯ ಮಾತು)

ಎಲ್ಲರಿಗೂ ನಮಸ್ಕಾರ. ಮುಂದಿನ ವಾರ ಮಕ್ಕಳು ಬಿಡದಿಯ ವಂಡರ್‌ಲಾಗೆ ಹೊರಟಿದ್ದಾರೆ. ಪಟ್ಟಿಯಲ್ಲಿ ಮೂರು ಹೆಸರು ಹೊಡೆದುಹಾಕಿದೆ. ಯಾಕೆ ಅಂತ ಕೇಳಿದರೆ ಮೂವರದೂ ಒಂದೇ ಉತ್ತರ: "ವಾಂತಿ ಆಗ್ಬಿಟ್ರೆ, ಮಿಸ್?" ಅದಕ್ಕೇ ಹೆಡ್ ಮೇಷ್ಟ್ರು ಹತ್ತು ನಿಮಿಷ ಮಾತಾಡಿ ಅಂದಾಗ ನಾನು ಇಪ್ಪತ್ತು ಕೇಳಿದೆ. ಹದಿನೈದಕ್ಕೆ ಒಪ್ಪಿದ್ದಾರೆ.

ವಿಜ್ಞಾನದ ಮಿಸ್ ಆಗಿದ್ದವಳು ಅಂತ ನನ್ನನ್ನು ಕರೆದಿದ್ದೀರಿ. ನನಗೆ ಇರುವ ನಿಜವಾದ ಅರ್ಹತೆ ಬೇರೆ. ನಾನು ಬ್ಯಾಗು ಕಾಯುವವಳು.

ಒಂಬತ್ತು ವರ್ಷ ನನಗೆ. ದಸರಾ ವಸ್ತುಪ್ರದರ್ಶನ ನೋಡಲು ಮೈಸೂರಿಗೆ ಬಸ್ಸಲ್ಲಿ ಹೊರಟಿದ್ದೆವು. ಶ್ರೀರಂಗಪಟ್ಟಣ ಬರುವಷ್ಟರಲ್ಲಿ ಪಕ್ಕದಲ್ಲಿ ಕೂತಿದ್ದ ಹೆಂಗಸಿನ ಹೊಸ ಸೀರೆ ಮೇಲೆ ವಾಂತಿ ಮಾಡಿಬಿಟ್ಟೆ. ಆಯಮ್ಮ ಬೈಯಲಿಲ್ಲ. ಆದರೆ ಇಡೀ ಬಸ್ಸು ತಿರುಗಿ ನನ್ನನ್ನೇ ನೋಡಿತು. ವಾಂತಿಯ ರುಚಿ ಮರೆತಿದೆ, ಆ ಮುಖಗಳು ಮರೆತಿಲ್ಲ.

ಆಮೇಲೆ ಯಾವಾಗ ವಸ್ತುಪ್ರದರ್ಶನ ನಡೆಯುವ ದೊಡ್ಡಕೆರೆ ಮೈದಾನಕ್ಕೆ ಹೋದರೂ ಮನೆಯವರೆಲ್ಲ ಜಯಂಟ್ ವೀಲ್ ಹತ್ತುವವರು. (ನಮ್ಮ ಕಡೆ ಅದನ್ನು "ಜಾಯಿಂಟ್ ವೀಲು" ಅಂತಾರೆ, ಅದೇ ಚೆಂದ.) ನಾನು ಕೆಳಗೆ. ಅಮ್ಮನ ವ್ಯಾನಿಟಿ ಬ್ಯಾಗು, ಮಾವನ ಪರ್ಸು, ತಮ್ಮ ಅರ್ಧ ತಿಂದ ದೊಡ್ಡ ಹಪ್ಪಳ, ಎಲ್ಲ ನನ್ನ ಕೈಯಲ್ಲಿ. "ಏನೂ ಆಗಲ್ಲ ಬಾರೇ" ಅಂತ ಮೊದಮೊದಲು ಕರೆಯುತ್ತಿದ್ದರು. ಬರಬರುತ್ತಾ ಕರೆಯುವುದನ್ನೂ ಬಿಟ್ಟರು. ಬ್ಯಾಗು ಮಾತ್ರ ಕೊಡುತ್ತಿದ್ದರು.

ಈಗ ಸ್ವಲ್ಪ ಪಾಠ. ಒಳಕಿವಿಯಲ್ಲಿ ಮೂರು ಅರೆವೃತ್ತದ ನಾಳಗಳಿವೆ, ಅವುಗಳಲ್ಲಿ ದ್ರವ ತುಂಬಿದೆ. ತಲೆ ತಿರುಗಿದರೆ ಆ ದ್ರವ ಅಲುಗಾಡಿ ಮಿದುಳಿಗೆ ಸುದ್ದಿ ಕಳಿಸುತ್ತದೆ. ಬಸ್ಸಲ್ಲಿ ಮೊಬೈಲ್ ನೋಡುತ್ತಾ ಕೂತರೆ ಕಿವಿ "ಓಡ್ತಿದ್ದೀವಿ" ಅನ್ನುತ್ತದೆ, ಕಣ್ಣು "ಇಲ್ಲ, ಕೂತಿದ್ದೀವಿ" ಅನ್ನುತ್ತದೆ. ಈ ಜಗಳದಲ್ಲಿ ಹೊಟ್ಟೆ ತೊಳಸುತ್ತದೆ. ಗಿರಗಿರ ತಿರುಗುವ ಆಟ ನಿಂತರೂ ದ್ರವ ತಕ್ಷಣ ನಿಲ್ಲುವುದಿಲ್ಲ, ಇಳಿದ ಮೇಲೂ ನೆಲ ಸುತ್ತುತ್ತದೆ. ಇದರಲ್ಲಿ ಪುಕ್ಕಲುತನ ಏನೂ ಇಲ್ಲ. ಚಾರ್ಲ್ಸ್ ಡಾರ್ವಿನ್ 1831ರಲ್ಲಿ ಬೀಗಲ್ ಹಡಗು ಹತ್ತಿದವನು 1836ರಲ್ಲಿ ಇಳಿದ. ಸಮುದ್ರದ ಮೇಲಿದ್ದಾಗ ಕೊನೆವರೆಗೂ ಆಗಾಗ ಹೊಟ್ಟೆ ತೊಳಸುತ್ತಲೇ ಇತ್ತು ಪಾಪ. ಜೀವವಿಕಾಸದ ಮೇಷ್ಟ್ರಿಗೇ ಹಾಗಾದರೆ ಎಂಟನೇ ಕ್ಲಾಸಿನ ಹುಡುಗಿಗೆ ಆಗಬಾರದಾ?

ಇದು ಒಂದು. ವಾಂತಿಯ ಭಯ ಇನ್ನೊಂದು. ಅದಕ್ಕೆ ಎಮೆಟೊಫೋಬಿಯಾ ಅಂತ ಹೆಸರೇ ಇದೆ. ಹೆದರಿದಾಗ ಜೀರ್ಣ ನಿಧಾನವಾಗುತ್ತದೆ, ಹೊಟ್ಟೆ ಕಿವುಚುತ್ತದೆ. ಪರೀಕ್ಷೆಯ ಬೆಳಗ್ಗೆ ನೆನಪಿಸಿಕೊಳ್ಳಿ. ಭಯ ಇರುವವರು ಅದನ್ನೇ "ಬಂತು ವಾಂತಿ" ಅಂದುಕೊಳ್ಳುತ್ತಾರೆ, ಇನ್ನಷ್ಟು ಹೆದರುತ್ತಾರೆ. ಹಾಲು ಉಕ್ಕುತ್ತಾ ಅಂತ ಒಲೆ ಮುಂದೆ ನಿಂತ ಹಾಗೆ ಇಡೀ ದಿನ ಹೊಟ್ಟೆಯನ್ನೇ ಕಾಯುವುದು. ತಮಾಷೆ ಅಂದರೆ ಇಂಥವರಲ್ಲಿ ಜಾಸ್ತಿ ಜನ ವಾಂತಿ ಮಾಡುವುದೇ ಅಪರೂಪ. ಆದರೂ ಮದುವೆ ಊಟ ಬಿಡುತ್ತಾರೆ, ಬಸ್ಸು ಬಿಡುತ್ತಾರೆ. ಬಸುರಿಗೆ ವಾಂತಿ ಆಗುತ್ತೆ ಅಂತ ಮಗುವೇ ಬೇಡ ಅನ್ನುವ ಹೆಣ್ಣುಮಕ್ಕಳೂ ಇದ್ದಾರೆ.

ಅದಕ್ಕೇ ನನ್ನ ಒಂದು ಬೇಡಿಕೆ: ಮಗುವಿಗೆ "ಏನೂ ಆಗಲ್ಲ" ಅನ್ನಬೇಡಿ. ಆ ಮಾತು ಹತ್ತು ನಿಮಿಷ ಕೆಲಸ ಮಾಡುತ್ತದೆ. ಹನ್ನೊಂದನೇ ನಿಮಿಷಕ್ಕೆ ಮಗು ಮತ್ತೆ ಕೇಳುತ್ತದೆ, "ನಿಜವಾಗ್ಲೂ ಆಗಲ್ವಾ?" ಕೈಯಲ್ಲಿ ಹಿಡಿಸುವ ಪ್ಲಾಸ್ಟಿಕ್ ಕವರಿನ ಕಥೆಯೂ ಇದೇ. ಕವರು ಟೀಚರ ಬ್ಯಾಗಲ್ಲಿರಲಿ, ಮಗುವಿನ ಮುಷ್ಟಿಯಲ್ಲಿ ಬೇಡ. "ಆಗಬಹುದು ಕಣೋ, ಆದರೆ ತೊಳ್ಕೊಳ್ಳೋಣ" ಅನ್ನಿ, ಸಾಕು.

ನಾನು ಹೇಗೆ ಹತ್ತಿದೆ ಅಂತೀರಾ? ನಲವತ್ತೈದನೇ ವಯಸ್ಸಿಗೆ, ತಂಗಿ ಮಗಳು ಹಠ ಹಿಡಿದಳು. ಮೊದಲ ದಿನ ಅರ್ಧ ಗಂಟೆ ವೀಲ್ ಪಕ್ಕ ಸುಮ್ನೆ ನಿಂತು ಬಂದೆ. ಇನ್ನೊಂದು ದಿನ ಟಿಕೆಟ್ ತಗೊಂಡು ಸಾಲಲ್ಲಿ ನಿಂತು ವಾಪಸ್ ಬಂದೆ, ದುಡ್ಡು ದಂಡ. ಮತ್ತೊಂದು ದಿನ ಮಕ್ಕಳ ರೈಲು, ಮಂಡಿ ಮಡಚಲು ಜಾಗವಿಲ್ಲ. ಆಮೇಲೆ ವೀಲು. ಮೇಲಿಂದ ಚಾಮುಂಡಿ ಬೆಟ್ಟದ ದೀಪ ಕಾಣಿಸಿತು. ಹೊಟ್ಟೆ ಪೂರ್ತಿ ತೊಳಸಿತು, ವಾಂತಿ ಆಗಲಿಲ್ಲ. ಗೆದ್ದೆ ಅಂತ ಮನೆ ತುಂಬ ಹೇಳಿಕೊಂಡು ತಿರುಗಿದೆ.

ಮರುವರ್ಷ ಗಿರಗಿರ ತಿರುಗುವ ಕಪ್ಪು-ಸಾಸರು ಆಟ ಹತ್ತಿದೆ. ಇಳಿದೆ. ಮರದ ಬುಡದಲ್ಲಿ ವಾಂತಿಯಾಯಿತು! ಮೂವತ್ತೇಳು ವರ್ಷ ಹೆದರಿದ್ದು ಎರಡೇ ನಿಮಿಷದಲ್ಲಿ ಮುಗಿಯಿತು. ಯಾರೂ ತಿರುಗಿ ನೋಡಲಿಲ್ಲ. ಚುರುಮುರಿ ಮಾರುವ ಹುಡುಗ ನೀರು ಕೊಟ್ಟು, "ಅಜ್ಜಿ, ಖಾರ ಕಮ್ಮಿ ಹಾಕ್ಲಾ?" ಅಂದ. ನಲವತ್ತಾರಕ್ಕೇ ಅಜ್ಜಿ ಅಂದದ್ದು ಮಾತ್ರ ಬೇಜಾರಾಯಿತು.

ಮೇಷ್ಟ್ರು ವಾಚು ತೋರಿಸುತ್ತಿದ್ದಾರೆ. ಇನ್ನೂ ನಾಲ್ಕು ಚೀಟಿ ಇವೆ, ಬೇಗ ಹೇಳುತ್ತೇನೆ. ಬೆಳಗ್ಗೆ ಖಾಲಿ ಹೊಟ್ಟೆ ಬೇಡ, ಎರಡು ಇಡ್ಲಿ ಸಾಕು. ಮದ್ದೂರು ವಡೆ ವಾಪಸ್ ಬರುವಾಗ ತಿನ್ನಲಿ. ಬಸ್ಸಲ್ಲಿ ದೂರ ನೋಡಬೇಕು, ಮೊಬೈಲ್ ಬೇಡ. ಮಾತ್ರೆ ಬೇಕಾದರೆ ಡಾಕ್ಟರನ್ನು ಕೇಳಿ ಹೊರಡುವ ಮುಂಚೆಯೇ ಕೊಡಿ, ತೊಳಸಲು ಶುರುವಾದ ಮೇಲೆ ಕೊಟ್ಟರೆ ಅಷ್ಟು ಕೆಲಸ ಮಾಡುವುದಿಲ್ಲ. ನಿದ್ದೆಯೂ ಬರುತ್ತದೆ. ಯಾವ ಆಟ ಅಂತ ಮಗುವೇ ಆರಿಸಲಿ, ಎಳೆದುಕೊಂಡು ಹೋಗಿ ಕೂರಿಸಬೇಡಿ. ಭಯಕ್ಕೆ ಊಟ, ಸ್ಕೂಲು ಬಿಡುವ ಮಟ್ಟಕ್ಕೆ ಬಂದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಇದಕ್ಕೆ ಚಿಕಿತ್ಸೆ ಇದೆ.

ನಾಲ್ಕನೇ ಚೀಟಿ ಬಿಡಿ. ಆ ಮೂರು ಮಕ್ಕಳ ಅಪ್ಪ ಅಮ್ಮ ಇಲ್ಲೇ ಇದ್ದೀರಲ್ವಾ? ಇವತ್ತು ರಾತ್ರಿ ಮನೆಯಲ್ಲಿ ಅವರನ್ನು ಇನ್ನೊಂದು ಸಲ ಕೇಳಿ ನೋಡಿ. ಬರುತ್ತೀವಿ ಅಂದರೆ ಬಸ್ಸಿನ ಮುಂದಿನ ಸೀಟು ಅವರಿಗೇ. ಬಂದು ಯಾವ ಆಟವನ್ನೂ ಆಡದೆ ಕೂತರೂ ಪರವಾಗಿಲ್ಲ, ನಾನೂ ಬರುತ್ತಿದ್ದೇನೆ. ಆದರೆ ಅವರ ಕೈಗೆ ಯಾರ ಬ್ಯಾಗನ್ನೂ ಕೊಡಬೇಡಿ.