ಗೋಧಿಗೆ ಗೆದ್ದಲಿನ ಕಾಟ: ಬಿತ್ತುವ ಮೊದಲೇ ಆಗಬೇಕಾದ ಕೆಲಸ

ರೈತ ಬಾಂಧವರೇ, ನಮಸ್ಕಾರ.

ಧಾರವಾಡ, ಬೆಳಗಾವಿ, ವಿಜಯಪುರ, ಬಾಗಲಕೋಟೆ ಜಿಲ್ಲೆಗಳಲ್ಲಿ ಹಿಂಗಾರಿ ಗೋಧಿಯ ಬಿತ್ತನೆಗೆ ಸಿದ್ಧತೆ ನಡೆದಿರುವ ಈ ಹೊತ್ತಿನಲ್ಲಿ, ಮಣ್ಣಿನೊಳಗಿದ್ದು ಬೇರು ಕಡಿಯುವ ಗೆದ್ದಲಿನ ಬಗ್ಗೆ ಮಾತನಾಡಬಯಸುತ್ತೇನೆ. ಗೊಣ್ಣೆಹುಳುವಿನಂಥ ಕೀಟಗಳೂ ಅಲ್ಲಲ್ಲಿ ಕಾಣುತ್ತವೆಯಾದರೂ, ಮಳೆಯಾಶ್ರಿತ ಗೋಧಿಗೆ ಹೆಚ್ಚಿನ ಭಯ ಗೆದ್ದಲಿನದೇ.

ಬಿತ್ತಿದ ಕೆಲವು ವಾರಗಳಲ್ಲಿ ಎಳೆಯ ಸಸಿಗಳು ಒಣಗುತ್ತವೆ; ಮುಂದೆ ತೆನೆ ಬಲಿಯುವಾಗ ಭೂಮಿಯ ತೇವ ಆರಿದರೆ ಮತ್ತೆ ಹಾವಳಿ ಹೆಚ್ಚಿ, ಕಾಳು ಕಟ್ಟದ ಬಿಳಿ ತೆನೆಗಳು ನಿಲ್ಲುತ್ತವೆ. ಆದರೆ ಒಣಗಿದ ಗಿಡ ಕಂಡ ಕೂಡಲೇ ಔಷಧಿ ತರಬೇಡಿ. ಮೊದಲು ಗಿಡವನ್ನು ಕಿತ್ತು ನೋಡಿ. ಸುಲಭವಾಗಿ ಕೈಗೆ ಬಂದು, ಬೇರು ಕಡಿದಿದ್ದು, ಬುಡಕ್ಕೆ ಮಣ್ಣು ಮೆತ್ತಿದ್ದರೆ ಅದು ಗೆದ್ದಲು. ಬುಡದಲ್ಲಿ ಬಿಳಿ ಬೂಷ್ಟು, ಸಾಸಿವೆ ಕಾಳಿನಂಥ ಉಂಡೆಗಳು ಇದ್ದರೆ ಅದು ಶಿಲೀಂಧ್ರದಿಂದ ಬರುವ ಬುಡಕೊಳೆ ರೋಗ. ಅದಕ್ಕೆ ಕೀಟನಾಶಕದಿಂದ ಏನೂ ಪ್ರಯೋಜನವಿಲ್ಲ.

ಗೆದ್ದಲಿನ ಆಹಾರ ಒಣ ನಾರು. ಅರೆ ಕೊಳೆತ ತಿಪ್ಪೆಗೊಬ್ಬರವನ್ನೂ ಹಿಂದಿನ ಜೋಳದ, ಗೋವಿನಜೋಳದ ಕೂಳೆಯನ್ನೂ ಹೊಲದಲ್ಲಿ ಬಿಟ್ಟು ಗೋಧಿ ಬಿತ್ತಿದರೆ ಅದನ್ನು ನಾವೇ ಕರೆದಂತೆ. ಆದ್ದರಿಂದ ಪೂರ್ತಿ ಕಳಿತ ಗೊಬ್ಬರವನ್ನಷ್ಟೇ ಹಾಕಿ, ಕೂಳೆ ಆರಿಸಿ ತೆಗೆಯಿರಿ. ನೀರಿನ ಅನುಕೂಲವಿದ್ದವರು ಬೆಳೆ ಬಾಡಲು ಬಿಡಬೇಡಿ. ಬದುವಿನ ಮೇಲೆ ಹುತ್ತವಿದ್ದರೆ ಅಗೆದು ರಾಣಿಯನ್ನು ನಾಶಮಾಡಬೇಕು. ಆದರೆ ಹುತ್ತ ಕಟ್ಟದೆ ನೆಲದೊಳಗೇ ಗೂಡು ಹರಡುವ ಸಣ್ಣ ಗೆದ್ದಲೂ ಇರುವುದರಿಂದ, ಹುತ್ತ ಕಾಣದ ಹೊಲ ಸುರಕ್ಷಿತವೆಂದು ನಂಬುವಂತಿಲ್ಲ.

ಹೀಗಾಗಿ ಪ್ರತಿ ವರ್ಷ ಗೆದ್ದಲು ಬೀಳುವ ಹೊಲಕ್ಕೆ ಬೀಜೋಪಚಾರವೇ ಕಡಿಮೆ ಖರ್ಚಿನ ದಾರಿ. ಕಿಲೋ ಬೀಜಕ್ಕೆ 4.5 ಮಿ.ಲೀ.ನಂತೆ ಕ್ಲೋರ್‌ಪೈರಿಫಾಸ್ 20 ಇ.ಸಿ. ಎಂಬ ದ್ರವ ಕೀಟನಾಶಕವನ್ನು ಸ್ವಲ್ಪ ನೀರಿನಲ್ಲಿ ಬೆರೆಸಿ, ಬೀಜವನ್ನು ತೆಳುವಾಗಿ ಹರಡಿ, ಎಲ್ಲ ಕಾಳಿಗೂ ತಾಗುವಂತೆ ಲೇಪಿಸಿ ನೆರಳಿನಲ್ಲಿ ಒಣಗಿಸಬೇಕು. ಶಿಲೀಂಧ್ರನಾಶಕವನ್ನೂ ಜೈವಿಕ ಗೊಬ್ಬರವನ್ನೂ (ಉಪಕಾರಿ ಸೂಕ್ಷ್ಮಜೀವಿಗಳಿರುವ ಗೊಬ್ಬರ) ಬಳಸುವವರು ಮೊದಲು ಶಿಲೀಂಧ್ರನಾಶಕ, ಅದು ಆರಿದ ಮೇಲೆ ಕೀಟನಾಶಕ, ಬಿತ್ತುವ ಮುನ್ನ ಕೊನೆಯದಾಗಿ ಜೈವಿಕ ಗೊಬ್ಬರ ಎಂಬ ಕ್ರಮವನ್ನು ತಪ್ಪಿಸಬಾರದು.

ಹಿಂದೆ ಹಲವರು ಸಾಲಿಗೆ ಹಾಕುತ್ತಿದ್ದ ಫೋರೇಟ್ ಎಂಬ ಕೀಟನಾಶಕ ಹರಳನ್ನು 2020ರ ಕೊನೆಯಿಂದ ನಿಷೇಧಿಸಲಾಗಿದೆ; ಮನೆಯಲ್ಲಿ ಹಳೆಯ ಪೊಟ್ಟಣ ಉಳಿದಿದ್ದರೂ ಬಳಸಬೇಡಿ. ಬೆಳೆ ನಿಂತ ಮೇಲೆ ಗೆದ್ದಲು ಕಂಡರೆ, ಔಷಧಿಯ ಆಯ್ಕೆಗೂ ಪ್ರಮಾಣಕ್ಕೂ ರೈತ ಸಂಪರ್ಕ ಕೇಂದ್ರದ ಸಲಹೆ ಪಡೆಯಿರಿ. ಬೀಜೋಪಚಾರ ಮಾಡುವಾಗ ಕೈಗವಸು, ಮುಖಕ್ಕೆ ಬಟ್ಟೆ ಕಡ್ಡಾಯ. ಉಪಚರಿಸಿದ ಬೀಜ ಉಳಿದರೆ ಅದನ್ನು ಹಿಟ್ಟಿಗೆ ಬೀಸಲೂಬಾರದು, ಕೋಳಿಗೆ ಚೆಲ್ಲಲೂಬಾರದು.

ನಮಸ್ಕಾರ.