ಇಳಿಸಿದ ದಿನವೇ ವಿವರ ತುಂಬಿ

ಕೇಳುಗರಿಗೆ ನಮಸ್ಕಾರ. ನಾನು ಕಾಲೇಜೊಂದರ ಗ್ರಂಥಪಾಲಕಿ. ಈಗ ರೇಡಿಯೋ ಹಾಕಿಕೊಂಡವರಲ್ಲಿ ಪಿಎಚ್.ಡಿ. ಮಾಡುತ್ತಿರುವವರು, ನಿವೃತ್ತಿಯಾದ ಮೇಲೆ ಊರಿನ ಚರಿತ್ರೆ ಬರೆಯಲು ಕೂತ ಮೇಷ್ಟ್ರುಗಳು ಇದ್ದಾರೆ ಅಂದುಕೊಂಡು ಮಾತಾಡುತ್ತೇನೆ. ಕಂಪ್ಯೂಟರ್‌ನಲ್ಲಿ ಪುಸ್ತಕ ರಾಶಿ ಬಿದ್ದಿದೆ, ಬೇಕಾದಾಗ ಒಂದೂ ಸಿಗುವುದಿಲ್ಲ, ಅಲ್ವಾ? ನಾನು ಹೇಳುವುದು ಒಂದೇ ಮಾತು. ಪುಸ್ತಕ ಇಳಿಸಿಕೊಂಡ ದಿನವೇ ಅದರ ವಿವರ ತುಂಬಿ. ಲೇಖಕರು, ಹೆಸರು, ಸಂಪುಟ, ಆವೃತ್ತಿ, ವರ್ಷ. ಭಾನುವಾರ ಕೂತು ಮಾಡುತ್ತೇನೆ ಅನ್ನಬೇಡಿ. ಆ ಭಾನುವಾರ ಬರುವುದಿಲ್ಲ.

ಫೋಲ್ಡರ್ ಮಾಡಿದರೆ ಸಾಲದಾ ಅಂತ ಎಲ್ಲರೂ ಕೇಳುತ್ತಾರೆ. ಸಾಲದು. ಬಸವಣ್ಣನವರ ಮೇಲಿನ ಪುಸ್ತಕವನ್ನು ‘ವಚನ’ದಲ್ಲಿ ಇಡುತ್ತೀರೋ ‘ಇತಿಹಾಸ’ದಲ್ಲೋ? ಎರಡರಲ್ಲೂ ಇಡುತ್ತೀರಿ. ಒಂದು ಪ್ರತಿಯಲ್ಲಿ ಗೆರೆ ಎಳೆದು, ಇನ್ನೊಂದನ್ನು ತೆರೆದು, ಗೆರೆ ಎಲ್ಲಿ ಹೋಯಿತು ಅಂತ ಹುಡುಕುತ್ತೀರಿ.

ನಮ್ಮಲ್ಲಿಗೆ ಬರುತ್ತಿದ್ದ ಒಬ್ಬ ಹುಡುಗನ ಕಥೆ ಹೇಳಲೇಬೇಕು. ನನ್ನ ಸಹೋದ್ಯೋಗಿಗಳಿಗೆ ಇದು ಬಾಯಿಪಾಠವಾಗಿದೆ, ಪಾಪ. ಹುಡುಗ ಶ್ರವಣಬೆಳಗೊಳದ ಶಾಸನಗಳ ಮೇಲೆ ಮಹಾಪ್ರಬಂಧ ಬರೆಯುತ್ತಿದ್ದ. ಹಳಗನ್ನಡ ಸಲೀಸಾಗಿ ಓದುತ್ತಿದ್ದ, ಬುದ್ಧಿವಂತ. ಈಗ, ಎಪಿಗ್ರಾಫಿಯಾ ಕರ್ನಾಟಿಕಾ ಅಂತ ನಮ್ಮ ನಾಡಿನ ಶಾಸನಗಳ ಸಂಪುಟಮಾಲೆ ಇದೆ. ಅದರ ಎರಡನೇ ಸಂಪುಟ ಅಂದರೆ ಶ್ರವಣಬೆಳಗೊಳ. ಬಿ.ಎಲ್. ರೈಸ್ 1889ರಲ್ಲಿ ಅದನ್ನು ಹೊರತಂದಾಗ ಅದರಲ್ಲಿದ್ದದ್ದು 144 ಶಾಸನ. 1923ರಲ್ಲಿ ಆರ್. ನರಸಿಂಹಾಚಾರ್ ಪರಿಷ್ಕರಿಸಿದರು, 500 ಆಯಿತು. 1973ರಲ್ಲಿ ಮೈಸೂರಿನ ಕನ್ನಡ ಅಧ್ಯಯನ ಸಂಸ್ಥೆ ಮತ್ತೆ ತಂದಾಗ 573. ಪ್ರತಿ ಸಲವೂ ಶಾಸನಗಳ ನಂಬರು ಬದಲಾಯಿತು. ಮಲ್ಲಿಷೇಣ ಪ್ರಶಸ್ತಿ ಅನ್ನುವ ಶಾಸನ ರೈಸ್ ಪುಸ್ತಕದಲ್ಲಿ 54, ನರಸಿಂಹಾಚಾರ್ ಪುಸ್ತಕದಲ್ಲಿ 67.

ಹುಡುಗನ ಹತ್ತಿರ ಮೂರು ಪಿಡಿಎಫ್ ಇದ್ದವು. ಹೆಸರು ಏನು ಗೊತ್ತಾ? ‘ಇಸಿ 2’, ‘ಇಸಿ 2 ನ್ಯೂ’, ‘ಇಸಿ 2 ಫೈನಲ್’. ಅಡಿಟಿಪ್ಪಣಿಯಲ್ಲಿ ಎಲ್ಲ ಕಡೆ ಬರೀ ‘ಎ.ಕ. 2’, ಮುಂದೆ ಒಂದು ನಂಬರು. ಇನ್ನೇನು ಪ್ರಬಂಧ ಬೈಂಡಿಂಗ್‌ಗೆ ಹೋಗಬೇಕು, ಆಗ ಗೈಡ್ ಕೇಳಿದರು: “ಇದು ಯಾವ 67 ಮಾರಾಯ?” ಹುಡುಗ ‘ನ್ಯೂ’ ತೆರೆದ. ಅದು 1923ರದ್ದು! ರೈಸ್‌ಗಿಂತ ಹೊಸದು, ಸುಳ್ಳಲ್ಲ. ‘ಫೈನಲ್’ ಅಂತ ಇದ್ದದ್ದು ರೈಸ್‌ನದೇ, ಇನ್ನೊಂದು ಸಲ ಇಳಿಸಿಕೊಂಡಿದ್ದು, ಅಷ್ಟೇ. ದಸರಾ ರಜೆ ಪೂರ್ತಿ ನಮ್ಮ ಓದುವ ಕೋಣೆಯಲ್ಲಿ ಕೂತು ಒಂದೊಂದೇ ಟಿಪ್ಪಣಿ ತಾಳೆ ನೋಡಿದ. ಮನೆಯವರು ಊಟದ ಡಬ್ಬಿ ಅಲ್ಲಿಗೇ ಕಳಿಸುತ್ತಿದ್ದರು. ಇಳಿಸಿಕೊಂಡ ದಿನ ಸಂಪಾದಕರ ಹೆಸರು, ವರ್ಷ ಬರೆದಿದ್ದರೆ ಎರಡು ನಿಮಿಷದ ಕೆಲಸ.

ಎಲ್ಲಿ ಬರೆಯುವುದು? ಜೊಟೆರೊ ಅಂತ ಒಂದು ತಂತ್ರಾಂಶ ಇದೆ. ಅಮೆರಿಕದ ಜಾರ್ಜ್ ಮೇಸನ್ ವಿಶ್ವವಿದ್ಯಾಲಯದಲ್ಲಿ 2006ರಲ್ಲಿ ಶುರುವಾಗಿದ್ದು, ದುಡ್ಡು ಕೊಡಬೇಕಿಲ್ಲ. ಹೊಸ ಪುಸ್ತಕವಾದರೆ ಐಎಸ್‌ಬಿಎನ್, ಅಂದರೆ ಪುಸ್ತಕದ ಗುರುತಿನ ನಂಬರು, ಹಾಕಿ, ಎಷ್ಟೋ ಸಲ ವಿವರ ತಾನೇ ತರುತ್ತದೆ. 1923ರ ಪುಸ್ತಕಕ್ಕೆ ಐಎಸ್‌ಬಿಎನ್ ಎಲ್ಲಿಂದ ಬರಬೇಕು? ಕೈಯಾರೆ ಟೈಪ್ ಮಾಡಿ. ಮೂರು ಆವೃತ್ತಿಗೆ ಮೂರು ನಮೂದು, ಒಂದೊಂದರ ಕೆಳಗೆ ಅದರದೇ ಪಿಡಿಎಫ್. ಬರೆಯುವಾಗ ವರ್ಡ್ ಒಳಗಿಂದಲೇ ನಮೂದು ಆರಿಸಿದರೆ ಅಡಿಟಿಪ್ಪಣಿ ಅದೇ ಕೂಡಿಸುತ್ತದೆ. ನೀವು ತುಂಬದೆ ಬಿಟ್ಟ ವರ್ಷವನ್ನು ಮಾತ್ರ ಅದು ಹುಟ್ಟಿಸಲಾರದು!

ನನಗೆ ಕೊಟ್ಟ ಹೊತ್ತಿನಲ್ಲಿ ಅರ್ಧಕ್ಕಿಂತ ಜಾಸ್ತಿ ಆ ಹುಡುಗನೇ ತೆಗೆದುಕೊಂಡ. ಉಳಿದದ್ದು ಬೇಗ ಬೇಗ ಹೇಳುತ್ತೇನೆ.

ಸುಮ್ನೆ ಖುಷಿಗೆ ಓದುವ ಕಾದಂಬರಿಗಳಿಗೆ ಕ್ಯಾಲಿಬರ್ ಒಳ್ಳೆಯದು. ಕೋವಿದ್ ಗೋಯಲ್ ಮಾಡಿದ ಉಚಿತ ತಂತ್ರಾಂಶ. ಪ್ರಬಂಧದಲ್ಲಿ ಉಲ್ಲೇಖಿಸುವ ಪುಸ್ತಕ ಜೊಟೆರೊದಲ್ಲಿರಲಿ. ಎರಡೂ ಕಡೆ ಒಂದೇ ಪುಸ್ತಕ ಬೇಡ. ಎರಡೂ ತಮ್ಮದೇ ಪ್ರತಿ ಮಾಡಿಕೊಳ್ಳುತ್ತವೆ, ಹಾಗಾಗಿ ಡೌನ್‌ಲೋಡ್ ಫೋಲ್ಡರ್‌ನಲ್ಲಿರುವುದನ್ನು ಅಳಿಸಿ. ಇಪಬ್ ಅನ್ನುವ ಇ-ಪುಸ್ತಕದ ಫೈಲನ್ನು ಜೊಟೆರೊದಲ್ಲೇ ಓದಬಹುದು. ಆದರೆ ಅಕ್ಷರ ದೊಡ್ಡದು ಮಾಡಿದರೆ ಅದರ ಪುಟ ಬದಲಾಗುತ್ತದೆ. ಪುಟಸಂಖ್ಯೆ ಕೊಡಬೇಕೆಂದರೆ ಪಿಡಿಎಫ್ ಹುಡುಕಿ.

ಲೇಖಕರ ಹೆಸರು ಒಂದೇ ರೀತಿ ಬರೆಯಿರಿ. ಇವತ್ತು ಕುವೆಂಪು, ನಾಳೆ ಕೆ.ವಿ. ಪುಟ್ಟಪ್ಪ ಅಂದರೆ ಕಂಪ್ಯೂಟರ್‌ಗೆ ಅವರು ಇಬ್ಬರು.

ಹುಡುಕಿದರೆ ಸಿಗುತ್ತದೆ ಬಿಡಿ ಮೇಡಂ, ವಿವರ ಯಾಕೆ ಅನ್ನುವವರಿಗೆ ಒಂದು ಮಾತು. ಈಗ ಎಲ್ಲ ಕಂಪ್ಯೂಟರ್, ಫೋನಿನಲ್ಲೂ ನಡೆಯುವ ಅಕ್ಷರ ಸಂಕೇತ ಯೂನಿಕೋಡ್. ಅದಕ್ಕೆ ಮುಂಚಿನ ನುಡಿ, ಬರಹ ಅಕ್ಷರಗಳಲ್ಲಿ ಮಾಡಿದ ಪಿಡಿಎಫ್ ಒಳಗೆ ‘ಶಾಸನ’ ಅಂತ ಹುಡುಕಿ ನೋಡಿ. ಏನೂ ಬರುವುದಿಲ್ಲ. ಬರೀ ಸ್ಕ್ಯಾನ್ ಮಾಡಿದ್ದಂತೂ ಚಿತ್ರ ಅಷ್ಟೇ. ಅಂಥ ಪುಸ್ತಕ ಸಿಗುವುದು ನೀವು ಯೂನಿಕೋಡ್‌ನಲ್ಲಿ ತುಂಬಿದ ವಿವರದಿಂದಲೇ. ಅದಕ್ಕೇ ಹೇಳುವುದು, ಇಳಿಸಿದ ದಿನವೇ ತುಂಬಿ ಅಂತ.

ಕೊನೆಯದು, ಬ್ಯಾಕಪ್, ಅಂದರೆ ಕಳೆದುಹೋಗದಂತೆ ಇನ್ನೊಂದು ಪ್ರತಿ ಇಡುವುದು. ಜೊಟೆರೊ ಆನ್‌ಲೈನ್‌ನಲ್ಲಿ ಪುಕ್ಕಟೆ ಕೊಡುವ ಜಾಗ 300 ಎಂಬಿ, ನಾಲ್ಕಾರು ಶಾಸನ ಸಂಪುಟಕ್ಕೇ ತುಂಬೀತು. ನಿಮ್ಮ ಕಂಪ್ಯೂಟರ್‌ನಲ್ಲಿರುವ ಜೊಟೆರೊ ಫೋಲ್ಡರನ್ನು ಡ್ರಾಪ್‌ಬಾಕ್ಸ್ ಅನ್ನುವ ಆನ್‌ಲೈನ್ ಸಂಗ್ರಹದ ಒಳಗೆ ಇಟ್ಟು ಜಾಣತನ ಮಾಡಬೇಡಿ, ದತ್ತಾಂಶ ಕೆಡುತ್ತದೆ. ತಿಂಗಳಿಗೊಮ್ಮೆ ಜೊಟೆರೊ ಮುಚ್ಚಿ, ಆಮೇಲೆ ಪೂರ್ತಿ ಫೋಲ್ಡರನ್ನು ಹೊರಗಿನ ಹಾರ್ಡ್‌ಡಿಸ್ಕ್‌ಗೆ ಕಾಪಿ ಮಾಡಿ. ಮುಚ್ಚಿದ ಮೇಲೆ, ಮರೆಯಬೇಡಿ. ನಮಸ್ಕಾರ.