ಮೊದಲು ಆ ಸಾಲು ಓದಿ

ಕೇಳುಗರೆಲ್ಲರಿಗೂ ನಮಸ್ಕಾರ.

ಈಗ ರೇಡಿಯೋ ಹಾಕಿಕೊಂಡು ಕೂತವರಲ್ಲಿ ಫೋರ್ಟಿನ ಕಚೇರಿಗಳಲ್ಲಿ ಲೆಕ್ಕ ಬರೆಯುವವರಿದ್ದೀರಿ. ಡೊಂಬಿವಲಿಯಲ್ಲೋ ಮುಲುಂಡಿನಲ್ಲೋ ಹೌಸಿಂಗ್ ಸೊಸೈಟಿಯ ಕೆಲಸ ನೋಡಿಕೊಳ್ಳುವವರಿದ್ದೀರಿ. ಶಾಲೆಯ ಆಫೀಸಿನಲ್ಲಿ, ಆಸ್ಪತ್ರೆಯ ಕೌಂಟರಿನಲ್ಲಿ ದಿನವಿಡೀ ಕಂಪ್ಯೂಟರ್ ಮುಂದೆ ಕೂರುವವರಿದ್ದೀರಿ. ನಾನು ಮಾತಾಡಲು ಬಂದಿರುವುದು ನಿಮ್ಮ ಜೊತೆ. ಇಂಜಿನಿಯರುಗಳೂ ಕೇಳಲಿ, ಸಂತೋಷ. ಆದರೆ ಇವತ್ತಿನ ಮಾತು ಅವರಿಗಲ್ಲ.

ನಿನ್ನೆ ಸಂಜೆ ಎಲ್ಲ ಸರಿ ಇತ್ತು. ಇವತ್ತು ಬೆಳಿಗ್ಗೆ ಬಂದು ಕಂಪ್ಯೂಟರ್ ಹಾಕಿದಿರಿ. ಬ್ರೌಸರ್, ಅಂದರೆ ನೀವು ಪುಟಗಳನ್ನು ತೆರೆಯುವ ಕ್ರೋಮಿನಂಥ ಪ್ರೋಗ್ರಾಂ, ತನ್ನಷ್ಟಕ್ಕೆ ಅಪ್‌ಡೇಟ್ ಆಗಿದೆ. ಹಾಜರಿಯ ಪುಟ ತೆರೆಯುವುದಿಲ್ಲ. ರಜೆ ಅರ್ಜಿಯ ಪುಟ ಇಲ್ಲ, ಸಂಬಳದ ಪುಟವೂ ಇಲ್ಲ. ಗೂಗಲ್ ಬರುತ್ತದೆ. ರೈಲ್ವೆ ಟಿಕೆಟ್ ಬುಕ್ ಆಗುತ್ತದೆ. ಕಚೇರಿಯ ಒಳಗಿನ ಪುಟ ಮಾತ್ರ ಬರುವುದಿಲ್ಲ.

ಆಗ ನೀವು ನನ್ನಂಥವರಿಗೆ ಫೋನ್ ಮಾಡುತ್ತೀರಿ. "ಓಪನ್ ಆಗ್ತಿಲ್ಲ ಸರ್." ಪರದೆ ಮೇಲೆ ಏನು ಬರೆದಿದೆ ಎಂದು ನಾನು ಕೇಳುತ್ತೇನೆ. "ಏನೋ ಇಂಗ್ಲಿಷಿನಲ್ಲಿ ಬಂತು, ನಾನು ಕ್ಲೋಸ್ ಮಾಡಿದೆ."

20 ವರ್ಷದಿಂದ ಈ ಉತ್ತರ ಕೇಳುತ್ತಿದ್ದೇನೆ. ದಯವಿಟ್ಟು ಕ್ಲೋಸ್ ಮಾಡಬೇಡಿ. ಆ ಸಾಲು ಓದಿ. ಅರ್ಥ ಆಗದಿದ್ದರೂ ಪರವಾಗಿಲ್ಲ, ಅಕ್ಷರ ನೋಡಿ ಒಂದು ಚೀಟಿಯಲ್ಲಿ ಬರೆದಿಡಿ. ಮೊಬೈಲಿನಲ್ಲಿ ಒಂದು ಫೋಟೋ ಹೊಡೆದರೂ ಆಯಿತು. ಇವತ್ತು ನಾನು ಹೇಳಬೇಕೆಂದಿರುವುದು ಇಷ್ಟೇ. ಮುಂದಿನ ಹತ್ತು ನಿಮಿಷ ಇದನ್ನೇ ಮತ್ತೆ ಮತ್ತೆ ಹೇಳುತ್ತೇನೆ.

ಮುಂಬಯಿಯವರಿಗೆ ಇದನ್ನು ಜಾಸ್ತಿ ವಿವರಿಸಬೇಕಾಗಿಲ್ಲ. ವಿಟಿ ಸ್ಟೇಷನ್ನಿನಲ್ಲಿ ಗಾಡಿ ಹತ್ತುವ ಮೊದಲು ಇಂಡಿಕೇಟರ್ ನೋಡುತ್ತೀರಿ ಅಲ್ವಾ? ಎಸ್ ಇದ್ದರೆ ಸ್ಲೋ, ಎಫ್ ಇದ್ದರೆ ಫಾಸ್ಟ್. ಮಾಟುಂಗಾಕ್ಕೆ ಹೋಗಬೇಕಾದವರು ಫಾಸ್ಟ್ ಹತ್ತಿದರೆ ಸ್ಟೇಷನ್ ಕಣ್ಣೆದುರೇ ಹಿಂದೆ ಹೋಗುತ್ತದೆ. ಒಂದು ಅಕ್ಷರ ನೋಡದಿದ್ದಕ್ಕೆ ಅರ್ಧ ಗಂಟೆ ಹೋಯಿತು. ಬ್ರೌಸರ್ ಕೊಡುವ ಆ ಸಾಲೂ ನಿಮಗೊಂದು ಇಂಡಿಕೇಟರ್.

ಕಚೇರಿಯ ಒಳಗಿನ ಈ ಪುಟಗಳ ಜಾಲಕ್ಕೆ ಇಂಟ್ರಾನೆಟ್ ಅನ್ನುತ್ತಾರೆ. ಹಾಗಂದರೆ ಏನು? ನಿಮ್ಮ ಬಿಲ್ಡಿಂಗಿನ ಇಂಟರ್‌ಕಾಮ್ ನೆನಪು ಮಾಡಿಕೊಳ್ಳಿ. ಕೆಳಗೆ ವಾಚ್‌ಮನ್ ಮೂರು ಅಂಕಿ ಒತ್ತಿದರೆ ನಿಮ್ಮ ಮನೆಯಲ್ಲಿ ಗಂಟೆ ಬಾರಿಸುತ್ತದೆ. ಆ ಮೂರು ಅಂಕಿಯನ್ನು ಅಂಧೇರಿಯಿಂದ ಯಾರಾದರೂ ಒತ್ತಿದರೆ ಏನೂ ಆಗುವುದಿಲ್ಲ. ಇಂಟ್ರಾನೆಟ್ಟೂ ಹಾಗೆಯೇ. ಅದರ ನಂಬರು ಹೆಚ್ಚಾಗಿ 192.168 ಎಂದೋ 10 ಎಂದೋ ಶುರುವಾಗುತ್ತದೆ. ಅದು ಕಚೇರಿಯ ಒಳಗೆ ಮಾತ್ರ ನಡೆಯುವ ನಂಬರು.

ಹೊರಗಿನ ದೊಡ್ಡ ವೆಬ್‌ಸೈಟುಗಳನ್ನು ನೋಡಿಕೊಳ್ಳಲು ಜನ ಇದ್ದಾರೆ. ಬ್ರೌಸರಿನ ನಿಯಮ ಬದಲಾಗುವ ಮೊದಲೇ ಅವರು ತಯಾರಾಗಿರುತ್ತಾರೆ. ನಿಮ್ಮ ಕಚೇರಿಯ ಪುಟವನ್ನು ಯಾರೋ ಹತ್ತು ವರ್ಷದ ಹಿಂದೆ ಮಾಡಿಕೊಟ್ಟು ಹೋಗಿದ್ದಾರೆ. ಆಮೇಲೆ ಅದನ್ನು ಯಾರೂ ಮುಟ್ಟಿಲ್ಲ. ಬ್ರೌಸರ್ ಮುಂದೆ ಹೋಯಿತು, ಪುಟ ಅಲ್ಲೇ ನಿಂತಿತು. ಹೊರಗಿನದು ಬಂದು ಒಳಗಿನದು ಮಾತ್ರ ಕೈಕೊಡುವುದು ಇದಕ್ಕೇ.

ಈಗ ಒಂದು ಘಟನೆ ಹೇಳುತ್ತೇನೆ. 2017ರ ಏಪ್ರಿಲ್ ಕೊನೆ. ದಾದರಿನ ಆಚೆ ಒಂದು ಕಚೇರಿ, ಹೆಸರು ಬೇಡ. ನಲವತ್ತು ಕಂಪ್ಯೂಟರುಗಳಿದ್ದವು. ತಿಂಗಳ ಕೊನೆ, ಸಂಬಳದ ಪಟ್ಟಿ ಬ್ಯಾಂಕಿಗೆ ಹೋಗಬೇಕು. ಪಟ್ಟಿ ಇರುವುದು ಇಂಟ್ರಾನೆಟ್ಟಿನಲ್ಲಿ. ಒಂದು ಬೆಳಿಗ್ಗೆ ಅರ್ಧಕ್ಕರ್ಧ ಕಂಪ್ಯೂಟರುಗಳಲ್ಲಿ ಪುಟ ಬರಲಿಲ್ಲ. ಕೆಂಪು ತ್ರಿಕೋನ, ಅದರ ಕೆಳಗೆ ಇಂಗ್ಲಿಷಿನಲ್ಲಿ ಎಚ್ಚರಿಕೆ.

ಮೊದಲ ದಿನ ಸರ್ವರ್, ಅಂದರೆ ಆ ಪುಟಗಳನ್ನು ಇಟ್ಟಿರುವ ಕಂಪ್ಯೂಟರ್, ಆರಿಸಿ ಹಾಕಿದರು. ಆಗಲಿಲ್ಲ. ಕೇಬಲ್ ಹಾಳಾಗಿದೆ ಅಂತ ಯಾರೋ ಹೇಳಿದರು. ಲ್ಯಾಮಿಂಗ್ಟನ್ ರೋಡಿಗೆ ಹುಡುಗನನ್ನು ಕಳಿಸಿ ಹೊಸ ಸ್ವಿಚ್, ಅಂದರೆ ಕಂಪ್ಯೂಟರುಗಳ ಕೇಬಲ್‌ಗಳನ್ನೆಲ್ಲ ಸೇರಿಸುವ ಪೆಟ್ಟಿಗೆ, ತರಿಸಿದರು. ಎರಡನೇ ದಿನ ಆಂಟಿವೈರಸ್ ಮೇಲೆ ಅನುಮಾನ ಬಂತು, ಅದನ್ನು ತೆಗೆದುಹಾಕಿದರು. ಬ್ರೌಸರ್ ಕಿತ್ತುಹಾಕಿ ಮತ್ತೆ ಹಾಕಿದರು. ಜನ ಅದರಲ್ಲಿ ಉಳಿಸಿಟ್ಟಿದ್ದ ಪಾಸ್‌ವರ್ಡುಗಳೆಲ್ಲ ಹೋದವು. ಕೊನೆಗೆ ಒಂದು ಕಂಪ್ಯೂಟರನ್ನು ಫಾರ್ಮ್ಯಾಟ್ ಮಾಡಿಯೇ ಬಿಟ್ಟರು. ಅದರಲ್ಲಿ ಒಬ್ಬರು ಮೂರು ವರ್ಷದಿಂದ ಕೂಡಿಟ್ಟ ಕಾಗದಪತ್ರಗಳಿದ್ದವು. ಅವು ಸಿಗಲೇ ಇಲ್ಲ. ಈಗ ನೆನೆಸಿಕೊಂಡರೂ ನನಗೆ ಹೊಟ್ಟೆ ಉರಿಯುತ್ತದೆ.

ಮೂರನೇ ದಿನ ನನ್ನನ್ನು ಕರೆದರು. ಹೋದೆ. ಎಲ್ಲರನ್ನೂ ಕೇಳಿದೆ, ಏನು ಬಂತು, ಏನು ಬರೆದಿತ್ತು? ಯಾರಿಗೂ ನೆನಪಿಲ್ಲ. ಮೂಲೆಯ ಮೇಜಿನಲ್ಲಿ ಲೆಕ್ಕ ಬರೆಯುವ ಒಬ್ಬ ಅಕ್ಕ ಇದ್ದರು, ಕುಂದಾಪುರದ ಕಡೆಯವರು. ಅವರು ಎದ್ದು ಗೋಡೆಯ ಕಾಲನಿರ್ಣಯ ಕ್ಯಾಲೆಂಡರ್ ತೋರಿಸಿದರು. ಏಪ್ರಿಲ್ ಹಾಳೆ. 26ನೇ ತಾರೀಕಿನ ಚೌಕದಿಂದ ಶುರುವಾಗಿ ಅಂಚಿನವರೆಗೆ ಪೆನ್ಸಿಲಿನಲ್ಲಿ ದೊಡ್ಡ ಇಂಗ್ಲಿಷ್ ಅಕ್ಷರಗಳು. ಒಂದೊಂದೇ ಅಕ್ಷರ ನೋಡಿ ನೋಡಿ ಬರೆದದ್ದು. ಪದದ ನಡುವಿನ ಅಡಿಗೆರೆಗಳನ್ನೂ ಬಿಟ್ಟಿರಲಿಲ್ಲ. ಎರ್ರ್, ಸರ್ಟ್, ಕಾಮನ್ ನೇಮ್, ಇನ್‌ವ್ಯಾಲಿಡ್. ಅದರ ಕೆಳಗೆ ಕನ್ನಡದಲ್ಲಿ ಇನ್ನೊಂದು ಸಾಲು: "ನರಿ ಚಿತ್ರದ್ದರಲ್ಲಿ ಬರ್ತದೆ."

"ಅಣ್ಣಾ, ನನಗೆ ಕಂಪ್ಯೂಟರಿನ ವಿಷಯ ಗೊತ್ತಿಲ್ಲ. ಬಂದದ್ದನ್ನು ಹಾಗೇ ಬರೆದಿಟ್ಟಿದ್ದೇನೆ" ಅಂದರು.

ಕೇಳುಗರೇ, ಆ ಎರಡು ಸಾಲಿನಲ್ಲಿ ಎಲ್ಲವೂ ಇತ್ತು. ನರಿ ಚಿತ್ರದ್ದು ಅಂದರೆ ಫೈರ್‌ಫಾಕ್ಸ್ ಅನ್ನುವ ಇನ್ನೊಂದು ಬ್ರೌಸರ್. ಅದರಲ್ಲಿ ಪುಟ ಬರುತ್ತಿದೆ ಅಂದಮೇಲೆ ಸರ್ವರ್ ಸರಿ ಇದೆ, ಕೇಬಲ್ ಸರಿ ಇದೆ. ಹೊಸ ಸ್ವಿಚ್ಚಿನ ದುಡ್ಡು ಸುಮ್ನೆ ಹೋಯಿತು. ಸರ್ಟ್ ಅಂದರೆ ಸರ್ಟಿಫಿಕೇಟ್. ಸರ್ವರ್ ನಿಮ್ಮ ಬ್ರೌಸರಿಗೆ ತೋರಿಸುವ ಗುರುತಿನ ಚೀಟಿ ಅದು. ಆ ಚೀಟಿಯಲ್ಲಿ ಹೆಸರು ಬರೆಯಲು ಎರಡು ಜಾಗ ಇವೆ. ಹಳೆಯ ಜಾಗಕ್ಕೆ ಕಾಮನ್ ನೇಮ್ ಅನ್ನುತ್ತಾರೆ. ಇನ್ನೊಂದು ಆಲ್ಟರ್ನೇಟಿವ್ ನೇಮ್ ಅನ್ನುವ ಪಟ್ಟಿ. ಹೆಸರನ್ನು ಪಟ್ಟಿಯಲ್ಲೇ ಬರೆಯಿರಿ, ಹಳೆಯ ಜಾಗ ಬಿಡಿ ಎಂದು ಇಂಟರ್ನೆಟ್ಟಿನ ನಿಯಮ 2000ದಲ್ಲೇ ಹೇಳಿತ್ತು. ಬ್ರೌಸರುಗಳು 17 ವರ್ಷ ಸಹಿಸಿಕೊಂಡವು. 2017ರ ಏಪ್ರಿಲ್‌ನಲ್ಲಿ ಗೂಗಲ್ ಬ್ರೌಸರ್ ಕ್ರೋಮಿನ 58ನೇ ಆವೃತ್ತಿ ಬಂತು. ಅದು ಹಳೆಯ ಜಾಗವನ್ನು ನೋಡುವುದನ್ನೇ ನಿಲ್ಲಿಸಿತು. ಈ ಕಚೇರಿಯ ಚೀಟಿಯಲ್ಲಿ ಹೆಸರು ಹಳೆಯ ಜಾಗದಲ್ಲಿ ಮಾತ್ರ ಇತ್ತು. ಫೈರ್‌ಫಾಕ್ಸ್ ಆಗ ಇನ್ನೂ ಒಪ್ಪಿಕೊಳ್ಳುತ್ತಿತ್ತು. 2022ರಲ್ಲಿ ಅದೂ ನಿಲ್ಲಿಸಿತು.

ಎರಡೂ ಜಾಗದಲ್ಲಿ ಹೆಸರು ಬರೆದ ಹೊಸ ಚೀಟಿ ಮಾಡಿ ಸರ್ವರಿಗೆ ಹಾಕಿದೆವು. ಅರ್ಧ ಗಂಟೆಯ ಕೆಲಸ. ಸಂಬಳದ ಪಟ್ಟಿ ಅವತ್ತು ಸಂಜೆಯೇ ಬ್ಯಾಂಕಿಗೆ ಹೋಯಿತು. ಆ ಕ್ಯಾಲೆಂಡರಿನ ಹಾಳೆಯನ್ನು ಅಕ್ಕನ ಹತ್ತಿರ ಕೇಳಿ ತೆಗೆದುಕೊಂಡೆ. ಈಗಲೂ ನನ್ನ ಕಪಾಟಿನಲ್ಲಿದೆ. ಹೊಸದಾಗಿ ಕೆಲಸಕ್ಕೆ ಸೇರುವ ಹುಡುಗರಿಗೆ ಮೊದಲ ದಿನ ತೋರಿಸುವುದು ಅದನ್ನೇ.

ಘಟನೆ ಹೇಳುತ್ತಾ ಸಮಯ ಓಡಿತು. ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ, ಪೆನ್ನು ತಗೊಳ್ಳಿ.

ಸಾಲಿನಲ್ಲಿ ಸರ್ಟ್ ಅಂತ ಇದ್ದರೆ ಗುರುತಿನ ಚೀಟಿಯ ತೊಂದರೆ. ಕಚೇರಿಯ ಕಂಪ್ಯೂಟರ್ ನೋಡಿಕೊಳ್ಳುವವರಿಗೆ ಆ ಸಾಲು ಕಳಿಸಿ. ಎಚ್ಚರಿಕೆಯ ಕೆಳಗಿನ ಅಡ್ವಾನ್ಸ್ಡ್ ಗುಂಡಿ ಒತ್ತಿ ನುಗ್ಗಬೇಡಿ. ಅದು ನಿಮ್ಮ ಪಾಸ್‌ವರ್ಡ್ ಹಾಕುವ ಪುಟ.

ಎಸ್‌ಎಸ್‌ಎಲ್ ವರ್ಷನ್ ಅಂತ ಇದ್ದರೆ, ಬ್ರೌಸರ್ ಮತ್ತು ಸರ್ವರಿನ ನಡುವಿನ ಮಾತನ್ನು ಬೇರೆಯವರು ಓದದಂತೆ ಕಾಯುವ ಬೀಗ ಹಳೆಯದು. ಎಸ್‌ಎಸ್‌ಎಲ್‌ನ ಹೊಸ ಹೆಸರೇ ಟಿಎಲ್‌ಎಸ್. ಟಿಎಲ್‌ಎಸ್ 1.0 ಅನ್ನುವ ಬೀಗ 1999ರದ್ದು, 1.1 ಬಂದದ್ದು 2006ರಲ್ಲಿ. ಕ್ರೋಮ್, ಫೈರ್‌ಫಾಕ್ಸ್ ಎರಡೂ 2020ರಲ್ಲಿ ಇವನ್ನು ಕೈಬಿಟ್ಟವು. ಬದಲಾಯಿಸಬೇಕಾದದ್ದು ಸರ್ವರಿನಲ್ಲಿ. ನಿಮ್ಮ ಕಂಪ್ಯೂಟರನ್ನು ಮುಟ್ಟಲು ಯಾರಿಗೂ ಬಿಡಬೇಡಿ.

ನೇಮ್ ನಾಟ್ ರಿಸಾಲ್ವ್ಡ್ ಅಂತ ಇದ್ದರೆ ಪುಟದ ಹೆಸರು ಹೇಳಿದರೂ ಅದರ ನಂಬರು ಸಿಗುತ್ತಿಲ್ಲ ಅಂತ ಅರ್ಥ. ಬ್ರೌಸರಿನ ಸೆಟ್ಟಿಂಗಿನಲ್ಲಿ ಸೆಕ್ಯೂರ್ ಡಿಎನ್‌ಎಸ್ ಎಂದು ಒಂದಿದೆ, ಹೆಸರಿನ ನಂಬರನ್ನು ಯಾರ ಹತ್ತಿರ ಕೇಳಬೇಕು ಅನ್ನುವ ಜಾಗ. ಅಲ್ಲಿ ಹೊರಗಿನ ಯಾವುದಾದರೂ ಕಂಪನಿಯನ್ನು ಆರಿಸಿದ್ದರೆ ಬ್ರೌಸರ್ ಹೆಸರನ್ನು ಹೊರಗೆ ಹೋಗಿ ಕೇಳುತ್ತದೆ. ನಿಮ್ಮ ಇಂಟರ್‌ಕಾಮ್ ನಂಬರು ಹೊರಗಿನವರಿಗೆ ಹೇಗೆ ಗೊತ್ತಿರುತ್ತದೆ?

ಸಾಲೇ ಬರಲಿಲ್ಲ, ಗೂಗಲ್ ಹುಡುಕಾಟದ ಪುಟ ಬಂತು ಅಂದರೆ, ನೀವು ಬರೆದ ಒಂದೇ ಪದದ ಹೆಸರನ್ನು ಬ್ರೌಸರ್ ಹುಡುಕುವ ಪದ ಅಂದುಕೊಂಡಿದೆ. ಹೆಸರಿನ ಕೊನೆಗೆ ಒಂದು ಓರೆಗೆರೆ, ಸ್ಲಾಶ್, ಹಾಕಿ ಎಂಟರ್ ಒತ್ತಿ. ಬರುತ್ತದೆ.

ಪುಟ ಬಂತು, ಆದರೆ ಅಕ್ಷರವೆಲ್ಲ ಚೆಲ್ಲಾಪಿಲ್ಲಿ. ಕಂಟ್ರೋಲ್, ಶಿಫ್ಟ್, ಆರ್ ಮೂರನ್ನೂ ಒಟ್ಟಿಗೆ ಒತ್ತಿ. ಬ್ರೌಸರ್ ತನ್ನ ಹತ್ತಿರ ಇಟ್ಟುಕೊಂಡ ಹಳೆಯ ತುಂಡುಗಳನ್ನು ಬಿಟ್ಟು ಎಲ್ಲವನ್ನೂ ಹೊಸದಾಗಿ ತರುತ್ತದೆ. ಇದು ಹತ್ತು ಸೆಕೆಂಡಿನ ಕೆಲಸ. ಇದನ್ನು ಮಾಡದೆ ಕಂಪ್ಯೂಟರ್ ಫಾರ್ಮ್ಯಾಟ್‌ಗೆ ಕೊಟ್ಟವರನ್ನು ನೋಡಿದ್ದೇನೆ.

ಇನ್ನು ಮೈಕ್ರೋಸಾಫ್ಟಿನ ಹಳೆಯ ಬ್ರೌಸರ್, ಇಂಟರ್ನೆಟ್ ಎಕ್ಸ್‌ಪ್ಲೋರರ್. ನಿಮ್ಮಲ್ಲಿ ತುಂಬಾ ಜನರ ಕಚೇರಿಯ ಪುಟಗಳು ಅದಕ್ಕಾಗಿಯೇ ಮಾಡಿದವು. ಪುಟ ಬರುತ್ತದೆ, ಸಬ್‌ಮಿಟ್ ಒತ್ತಿದರೆ ಏನೂ ಆಗುವುದಿಲ್ಲ. ಅಥವಾ ಎಕ್ಸ್‌ಪ್ಲೋರರಿನಲ್ಲೇ ತೆರೆಯಿರಿ ಅಂತ ಸಾಲು ಬರುತ್ತದೆ. ಅದನ್ನೂ ಓದಿ, ಬರೆದಿಡಿ. ಮೈಕ್ರೋಸಾಫ್ಟ್ 2022ರ ಜೂನ್ 15ಕ್ಕೆ ಎಕ್ಸ್‌ಪ್ಲೋರರಿಗೆ ವಿದಾಯ ಹೇಳಿತು. ಆದರೆ ಅವರದ್ದೇ ಎಡ್ಜ್ ಬ್ರೌಸರಿನ ಒಳಗೆ ಹಳೆಯ ಪುಟಗಳಿಗಾಗಿ ಒಂದು ಕೋಣೆ ಇಟ್ಟಿದ್ದಾರೆ, ಐಇ ಮೋಡ್. ಐಇ ಅಂದರೆ ಅದೇ ಇಂಟರ್ನೆಟ್ ಎಕ್ಸ್‌ಪ್ಲೋರರ್. ಕಡಿಮೆ ಅಂದರೂ 2029ರವರೆಗೆ ಇರುತ್ತದೆ ಎಂದು ಹೇಳಿದ್ದಾರೆ. ಎಡ್ಜಿನ ಸೆಟ್ಟಿಂಗಿಗೆ ಹೋಗಿ. ಡೀಫಾಲ್ಟ್ ಬ್ರೌಸರ್ ಅನ್ನುವ ಕಡೆ ಐಇ ಮೋಡಿಗೆ ಅನುಮತಿ ಕೊಡಿ. ಎಡ್ಜನ್ನು ಮುಚ್ಚಿ ಮತ್ತೆ ತೆರೆಯಿರಿ. ನಿಮ್ಮ ಪುಟದ ವಿಳಾಸವನ್ನು ಅಲ್ಲಿನ ಪಟ್ಟಿಗೆ ಸೇರಿಸಿ. ಹಾಗೆ ಸೇರಿಸಿದ್ದು 30 ದಿನ ಇರುತ್ತದೆ, ಆಮೇಲೆ ಮತ್ತೆ ಸೇರಿಸಬೇಕು. ಕಚೇರಿಯವರು ಎಲ್ಲ ಕಂಪ್ಯೂಟರುಗಳಿಗೂ ಒಂದೇ ಪಟ್ಟಿ ಮಾಡಿ ಹಾಕಿದರೆ ಆ ತಾಪತ್ರಯವೂ ಇಲ್ಲ. ನಾಳೆಯೇ ಹೋಗಿ ಕೇಳಿ.

ನನ್ನ ಸಮಯ ಮುಗಿಯಿತು. ನಮಸ್ಕಾರ.